ಮೆಹಕರದ ಕಟ್ಟೆಯ ಮೇಲೆ ಕೌಸಲ್ಯಾಬಾಯಿ ಹೇಳಿದ ಮಾತು

ಬೀದರ ಜಿಲ್ಲೆಯಲ್ಲಿ ಕ್ಷಯರೋಗಿಗಳ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯ ಹೊಸ್ತಿಲವರೆಗೆ ತಂದು ಮುಟ್ಟಿಸಿದವರನ್ನು ನೆನೆಯುವಾಗ, ಕಾರಂಜಾ ಆರೋಗ್ಯ ಬಳಗದಿಂದ ಈಗ ನಿವೃತ್ತರಾಗುತ್ತಿರುವ ಕೌಸಲ್ಯಾಬಾಯಿಯವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮೂವತ್ತೊಂದು ವರ್ಷಗಳ ಹಿಂದೆ ಕಮಠಾಣದಲ್ಲಿ ಮನೆಮನೆ ಸುತ್ತುವ ಕಾರ್ಯಕರ್ತೆಯಾಗಿ ಸೇರಿದ ಅವರು, ಔರಾದ ತಾಲೂಕಿನ ಮೇಲ್ವಿಚಾರಕಿಯಾಗಿ ದುಡಿದು, ಕೊನೆಯ ಎಂಟು ವರ್ಷ ಬೀದರಿನ ಕಚೇರಿಯಲ್ಲಿ ಬಳಗದ ಫೇಸ್‌ಬುಕ್ ಪುಟದ ಅಂಕಿಅಂಶಗಳನ್ನು ಓದಿ ಅರ್ಥ ಹೇಳುವವರಾದರು. ಸಂತಪುರದಲ್ಲಿ ಬಸ್ಸು ತಪ್ಪಿದ ರೋಗಿಗೆ ತಮ್ಮ ಬುತ್ತಿ ಬಿಚ್ಚಿಕೊಟ್ಟು, ಮುಂದಿನ ಬಸ್ಸು ಬರುವ ತನಕ ಜೊತೆಗೆ ಕುಳಿತವರು ಅವರು. ಆದರೆ ಪಕ್ಕದ ಮೇಜಿನ ಸಹೋದ್ಯೋಗಿ ಪೂನಮಳಿಗೆ ಅವರ ಹೆಸರು ಕೇಳಿದೊಡನೆ ಹೋದ ವರ್ಷದ ಒಂದು ವಾರವೇ ನೆನಪಾಗುತ್ತದೆ.

ಭಾಲ್ಕಿ ತಾಲೂಕಿನ ಮೆಹಕರದ ಆಮ್ರಪಾಲಿ ಎಂಬ ಹೆಣ್ಣುಮಗಳು ನಾಲ್ಕು ತಿಂಗಳು ಗುಳಿಗೆ ನುಂಗಿ ಚೇತರಿಸಿಕೊಂಡಿದ್ದಳು; ಇನ್ನೂ ಎರಡು ತಿಂಗಳ ಗುಳಿಗೆ ಬಾಕಿಯಿತ್ತು. ಅವಳ ನಗುಮುಖದ ಚಿತ್ರವನ್ನು ಹೆಸರು, ಊರು ಸಮೇತ ಪೂನಮ ಪುಟಕ್ಕೆ ಹಾಕಿದಳು. ನಾಲ್ಕೇ ದಿನದಲ್ಲಿ ನೋಡಿದವರು ನಲವತ್ತಮೂರು ಸಾವಿರ! ಕಾರ್ಯದರ್ಶಿ ವೈಜಿನಾಥ ಅವರು ಕಚೇರಿಗೆಲ್ಲ ಪೇಢೆ ಹಂಚಿದರು.

ಕೌಸಲ್ಯಾಬಾಯಿಯವರು ಪೇಢೆ ಮುಟ್ಟಲಿಲ್ಲ. "ಯಾವ ಊರಾಗ ನೋಡ್ಯಾರ, ಆ ಪಟ್ಟಿ ತೆಗಿ" ಎಂದರು. ತೆಗೆದರೆ ಮೊದಲ ಸಾಲಿನಲ್ಲೇ ಭಾಲ್ಕಿ.

"ಇದು ಪ್ರಚಾರ ಅಲ್ಲವಾ ಪೂನಮ. ಸುತ್ತಲಿನ ಊರೆಲ್ಲ ಆ ಹುಡುಗಿ ಮಾರಿ ನೋಡ್ಲಿಕತ್ತದ. ಆಕಿನ್ನ ಕೇಳಿದ್ದಿ ಏನು?"

"ಸಹಿ ಅದರಿ ಬಾಯಿ. ಫಾರ್ಮಿನ್ಯಾಗೇ ಅದ."

ಫಾರ್ಮಿನಲ್ಲಿ ಸಹಿ ಇದ್ದದ್ದು ನಿಜ. ಔಷಧಿ ಶುರುವಾಗುವ ದಿನ ತುಂಬುವ ಕಾಗದದ ಕೆಳತುದಿಗೆ, ಚಿತ್ರ ಬಳಸಲು ಒಪ್ಪಿಗೆ ಎಂಬ ಸಾಲೊಂದನ್ನು ಬಳಗ ಮೊದಲಿನಿಂದಲೂ ಅಚ್ಚು ಹಾಕಿಸುತ್ತಿತ್ತು. ನೂರಾ ಮೂರು ಡಿಗ್ರಿ ಜ್ವರದಲ್ಲಿ ಆಮ್ರಪಾಲಿ ಅದಕ್ಕೆ ಸಹಿ ಮಾಡಿದ್ದಳು. ಜ್ವರದಲ್ಲಿ ನರಳುವವಳಿಗೆ ಏನು ಓದಲಿಕ್ಕಾಗುತ್ತದೆ, ಏನು ತಿಳಿಯುತ್ತದೆ? ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ! ಕೌಸಲ್ಯಾಬಾಯಿ ಬೈಯಲಿಲ್ಲ. "ಆ ಫಾರ್ಮು ಬರದಾಕಿ ನಾನೇ" ಎಂದಷ್ಟೇ ಹೇಳಿ ಫೋನು ಎತ್ತಿಕೊಂಡರು. ಆಮ್ರಪಾಲಿ ಮೂರು ದಿನದಿಂದ ಗುಳಿಗೆ ಬಿಟ್ಟಿದ್ದಾಳೆಂಬ ಸುದ್ದಿ ಬಂತು.

ಇಬ್ಬರೂ ಮೆಹಕರಕ್ಕೆ ಓಡಿದರು. ಆಮ್ರಪಾಲಿ ಬಾಗಿಲನ್ನು ಅರ್ಧವೇ ತೆರೆದಳು.

"ನಳದ ಕಡಿ ಹೋದ್ರ ಮಂದಿ ಕೊಡ ಸರಸ್ತಾರ್ರಿ. ಗುಳಿಗಿ ನುಂಗೋದು ಕಂಡ್ರ ಇನ್ನೂ ಬ್ಯಾನಿ ಅದ ಅಂತಾರ. ನಂಗ ಬ್ಯಾಡೇ ಬ್ಯಾಡ್ರಿ."

ನಡುವೆ ಬಿಟ್ಟರೆ ರೋಗ ಮೊದಲಿಗಿಂತ ಜೋರಾಗಿ ಮರಳುತ್ತದೆ, ಆ ಹುಡುಗಿಯ ಜೀವಕ್ಕೇ ಕುತ್ತು. ಪೂನಮ ಚಿತ್ರವನ್ನು ಅಲ್ಲಿಯೇ ಅಳಿಸಿದಳು. ಆದರೆ ಅದರ ನಕಲು ಊರಿನ ಫೋನುಗಳಲ್ಲಿ ಆಗಲೇ ಹರಡಿತ್ತು. ಆಗ ಕೌಸಲ್ಯಾಬಾಯಿಯವರು ಆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತರು.

"ಫೋನ್ ಹಿಡಿ. ನಂದು ವಿಡಿಯೋ ತೆಗಿ" ಎಂದು ಪೂನಮಳಿಗೆ ಹೇಳಿ ಮಾತು ಶುರು ಮಾಡಿದರು.

"ನಾ ಕೌಸಲ್ಯಾಬಾಯಿ. ಇಪ್ಪತ್ತಮೂರು ವರ್ಷದಾಕಿ ಇದ್ದಾಗ ನಂಗೂ ಟಿ.ಬಿ. ಆಗಿತ್ರಿ. ಅತ್ತಿ ಮನ್ಯಾಗ ತಾಟು ಬ್ಯಾರೆ ಇಟ್ರು, ಆಮ್ಯಾಲ ನನ್ನೇ ಹೊರಗ ಹಾಕಿದ್ರು. ಗುಳಿಗಿ ಮಾತ್ರ ನಾ ಬಿಡಲಿಲ್ಲ. ಈಗ ಅರವತ್ತು. ನಿಮ್ಮ ಮುಂದ ಕುಂತೇನಿ, ನೋಡ್ರಿ."

ಅಬ್ಬಾ! ಏಳು ವರ್ಷ ಪಕ್ಕದಲ್ಲೇ ಕೂತು ಒಂದೇ ಡಬ್ಬಿಯಲ್ಲಿ ಉಂಡ ಪೂನಮಳಿಗೆ ಇದು ಗೊತ್ತೇ ಇರಲಿಲ್ಲ. ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಯಿಯವರು ಅದನ್ನೇ ಮರಾಠಿಯಲ್ಲೂ ಹೇಳಿ ಮುಗಿಸಿದರು. ಬಾಗಿಲ ಹಿಂದೆ ಆಮ್ರಪಾಲಿ ನಿಂತು ಕೇಳುತ್ತಿದ್ದಳು.

ಆ ವಿಡಿಯೋ ಭಾಲ್ಕಿ ಭಾಗದ ಹೆಂಗಸರಿಗಷ್ಟೇ, ಅದೂ ಮಧ್ಯಾಹ್ನ ಎರಡೂವರೆಗೆ ಮುಟ್ಟಬೇಕೆಂದು ಅವರು ಹಟ ಹಿಡಿದರು. ಗಂಡಸರು ಉಂಡು ಅಡ್ಡಾದಾಗ ಮನೆಯ ಫೋನು ಹೆಣ್ಣುಮಕ್ಕಳ ಕೈಗೆ ಬರುತ್ತದೆಂಬುದನ್ನು ವರ್ಷಗಟ್ಟಲೆ ಅಂಕಿಗಳನ್ನು ನೋಡಿಯೇ ಕಂಡುಕೊಂಡಿದ್ದರು. ನೋಡಿದವರು ಆರುನೂರಾ ಹನ್ನೆರಡು ಜನ. "ಇಷ್ಟೇ ಏನ್ರಿ?" ಎಂದು ವೈಜಿನಾಥ ಅವರು ಮುಖ ಸಣ್ಣದು ಮಾಡಿದರು. ಅದೇ ವಾರ ಒಂಬತ್ತು ಹೆಂಗಸರು ತಾವಾಗಿಯೇ ಕಫ ಪರೀಕ್ಷೆಗೆ ಬಂದರು, ಇಬ್ಬರಲ್ಲಿ ರೋಗ ಸಿಕ್ಕಿತು. ಆಮ್ರಪಾಲಿ ಮರುದಿನವೇ ಗುಳಿಗೆ ಕೇಳಿ ಫೋನು ಮಾಡಿದ್ದಳು; ಎರಡು ತಿಂಗಳಲ್ಲಿ ಪೂರ್ತಿ ಗುಣವಾದಳು. ಫಾರ್ಮಿನ ಆ ಸಾಲನ್ನು ಬಾಯಿಯವರು ತಮ್ಮ ಕೈಯಾರೆ ಹೊಡೆದುಹಾಕಿದರು.

ಕೌಸಲ್ಯಾಬಾಯಿಯವರು ನೂರ್ಕಾಲ ಆರೋಗ್ಯದಿಂದ ಬಾಳಲಿ, ನಿವೃತ್ತಿಯ ಬಳಿಕವೂ ಬಳಗದ ಕಿವಿ ಹಿಂಡುತ್ತಿರಲಿ ಎಂದು ಎಲ್ಲರ ಪರವಾಗಿ ಹಾರೈಸುತ್ತದೆ ಈ ಲೇಖನ. ಅಚ್ಚಿಗೆ ಹೋಗುವ ಮೊದಲು, ಬಾಯಿಯವರ ಒಪ್ಪಿಗೆ ಪಡೆದು, ಪೂನಮ ಇದನ್ನು ಮೆಹಕರಕ್ಕೆ ಒಯ್ದು ಆಮ್ರಪಾಲಿಗೆ ಅಕ್ಷರ ಬಿಡದೆ ಓದಿ ಹೇಳಿದಳು. ಬೇಡವೆಂದರೆ ಹೆಸರು ತೆಗೆಯುವುದಾಗಿಯೂ ಹೇಳಿದಳು. ಆಮ್ರಪಾಲಿ ಅಂದಳು:

"ಇರ್ಲಿರಿ. ಊರಿನ ಹೆಸರೂ ಇರ್ಲಿ. ಬಾಯಿ ಹೆಸರಿನ ಬಾಜೂಕ ಬರೀರಿ."