ಚೀಟಿ ಅಕ್ಕನ ಏಳನೇ ಲಕೋಟೆ

ಹಳೇ ನಾಣ್ಯದ ಅಂಗಡಿಯಲ್ಲಿ ಕೂತವಳಿಗೆ ನಾಣ್ಯಕ್ಕಿಂತ ಕಾಗದದ ಮೇಲೇ ಪ್ರೀತಿ ಎಂದು ಪೇಟೆಯೆಲ್ಲ ನಗುತ್ತಿತ್ತು. ಅದಕ್ಕೇ ಅವಳಿಗೆ ಚೀಟಿ ಅಕ್ಕ ಎಂದು ಹೆಸರು. ಇಪ್ಪತ್ತಮೂರನೇ ವಯಸ್ಸಿಗೆ ಅಣ್ಣನ ಅಂಗಡಿಯ ಹಿಂದಿನ ಕೋಣೆಗೆ ಬಂದವಳು ಅರವತ್ತೊಂದಾದರೂ ಅಲ್ಲಿಂದ ಕದಲಿರಲಿಲ್ಲ. ಕಿಟಕಿ ಪಕ್ಕ ಮೇಜು, ಮೇಲೆ ಪುಟ್ಟ ತಕ್ಕಡಿ, ಭೂತಗನ್ನಡಿ, ಮಸಿಯ ಪೆನ್ನು. ಬಂದ ಪ್ರತಿ ನಾಣ್ಯಕ್ಕೂ ಒಂದು ಲಕೋಟೆ, ಅದರೊಳಗೊಂದು ಚೀಟಿ: ಯಾವತ್ತು ಬಂತು, ಯಾರು ತಂದರು, ಅವರಿಗೆ ಎಲ್ಲಿ ಸಿಕ್ಕಿತಂತೆ, ತೂಕ ಎಷ್ಟು, ಅಂಚಿನಲ್ಲಿ ಎಲ್ಲಿ ಗಾಯ.

ಅಣ್ಣ ಮೂಗು ಮುರಿಯುತ್ತಿದ್ದ. "ನಾಣ್ಯಕ್ಕೇನು ವಂಶಾವಳಿ ಬರೀತೀಯೇನೇ? ಕೊಳ್ಳೋರಿಗೆ ಬೇಕಾಗಿರೋದು ಫಳಫಳ."

ಅವನ ಮಾತೂ ಸುಳ್ಳಲ್ಲ. ಆಗ ಜನ ಹೊಳಪು ನೋಡಿ ಕೊಳ್ಳುತ್ತಿದ್ದರು; ಎರಡು ಸಾವಿರ ವರ್ಷದ ಬೆಳ್ಳಿ ನಾಣ್ಯ ಒಂದು ಜೊತೆ ಒಳ್ಳೇ ಚಪ್ಪಲಿಯ ಬೆಲೆಗೆ ಹೋಗುತ್ತಿತ್ತು. ಲಕೋಟೆಯನ್ನು ಅಂಗಡಿ ಬಾಗಿಲಲ್ಲೇ ಹರಿದು ಬಿಸಾಡುತ್ತಿದ್ದರು. ಚೀಟಿ ಅಕ್ಕ ಹೋಗಿ ಆಯ್ದು ತರುತ್ತಿದ್ದಳು. ನೋವಾಗುತ್ತಿರಲಿಲ್ಲವೇ? ಆಗುತ್ತಿತ್ತು. ಬರೆಯುವುದನ್ನು ಮಾತ್ರ ಬಿಡಲಿಲ್ಲ. ಅಣ್ಣ ತಿಕ್ಕಿ ಬೆಳಗಿದ್ದೆಲ್ಲ ಮಾರಾಟವಾಯಿತು. ಇವಳು ತಿಕ್ಕಗೊಡದೆ ತನ್ನ ಡ್ರಾಯರಿಗೆ ಸೇರಿಸಿಕೊಂಡ ನೂರ ನಲವತ್ತು ಕಪ್ಪು ನಾಣ್ಯಗಳು ಬೇಡದ ಸರಕಾಗಿ ಉಳಿದವು.

ಕಾಲವೇನು ಯಾರಪ್ಪನ ಸ್ವತ್ತೇ? ತಿರುಗಿತು. ನಕಲಿ ಮಾಲು, ಕದ್ದ ಮಾಲು ಹೆಚ್ಚಾದಂತೆ ಕೊಳ್ಳುವವರು ಹೊಳಪು ಬಿಟ್ಟು ಮೂಲ ಕೇಳತೊಡಗಿದರು. ಉಜ್ಜಿದ ನಾಣ್ಯವನ್ನು ಕಣ್ಣೆತ್ತಿ ನೋಡುವವರಿಲ್ಲ. ಹಳೇ ಕಪ್ಪು ಹಾಗೇ ಇರಬೇಕು, ಜೊತೆಗೆ ಹಳೇ ಕಾಗದವಿರಬೇಕು. ಎರಡೂ ಇದ್ದರೆ ಸ್ಕೂಟರಿನ ಬೆಲೆ. ಅಣ್ಣ ತೆರೆದ ಬಾಯಿ ಮುಚ್ಚಲಿಲ್ಲ. ಆದರೂ ಹಿತ್ತಲ ಗಿಡ ಮದ್ದಲ್ಲ ನೋಡಿ, ತಂಗಿಗೊಂದು ಒಳ್ಳೇ ಮಾತು ಆ ಬಾಯಿಂದ ಬರಲಿಲ್ಲ.

ಹರಾಜು ಸಂಸ್ಥೆಯ ಪರೀಕ್ಷಕಿ ಆ ಕಪ್ಪು ನಾಣ್ಯಗಳನ್ನು ನೋಡಲು ಬಂದದ್ದು ಒಂದು ಬೆಳಗ್ಗೆ. ಹಿಂದಿನ ಕೋಣೆಯಲ್ಲಿ ಅಣ್ಣ-ತಂಗಿಯರ ಎದುರು ಕೂತು ಹತ್ತಾರು ಲಕೋಟೆ ಬಿಚ್ಚಿ ನೋಡಿ ಕನ್ನಡಕ ತೆಗೆದಿಟ್ಟಳು.

"ನಾಣ್ಯ ಚೆನ್ನಾಗಿವೆ. ಆದ್ರೆ ಬೆಲೆ ಏರಿದ ಮೇಲೆ ಇಂಥ ಚೀಟಿ ದಿನಕ್ಕೆ ಹತ್ತು ನೋಡ್ತೀನಿ. ಕಾಗದಾನ ಟೀ ನೀರಲ್ಲಿ ಅದ್ದಿ, ಒಂದೇ ವಾರದಲ್ಲಿ ಬರ್ಕೊಂಡು ಬರ್ತಾರೆ. ಬೇಜಾರು ಮಾಡ್ಕೋಬೇಡಿ, ಇವನ್ನ ನಾನು ನಂಬೋದು ಹೇಗೆ?"

ಚೀಟಿ ಅಕ್ಕನ ಎದೆಗೆ ಗುದ್ದಿದಂತಾಯಿತು. ಹಣ ಹೋದರೆ ಹೋಗಲಿ, ಮೂವತ್ತೆಂಟು ವರ್ಷ ಬರೆದದ್ದನ್ನು ಸುಳ್ಳೆಂದರಲ್ಲ! ತಾನು ನಿಜ ಬರೆದವಳು ಎಂದು ತೋರಿಸುವ ಚೀಟಿ ಅವಳ ಬಳಿ ಒಂದೇ ಒಂದಿತ್ತು. ಅದನ್ನು ತೆಗೆದರೆ ಪಕ್ಕದಲ್ಲಿ ಕೂತ ಅಣ್ಣನಿಗೂ ಅವಳ ಹಳೇ ಗುಟ್ಟು ತಿಳಿಯುತ್ತಿತ್ತು. ಒಂದು ಲೋಟ ನೀರು ಕುಡಿದಳು.

"ಏಳನೇ ಲಕೋಟೆ ತೆಗೀರಿ. ಜೋರಾಗಿ ಓದಿ."

ಪರೀಕ್ಷಕಿ ಓದಿದಳು: "ಗಡ್ಡದ ವ್ಯಾಪಾರಿಯಿಂದ ಅಣ್ಣ ಕೊಂಡದ್ದು. ಕಪ್ಪಿದ್ದಾಗ ಅದರ ಮೇಲಿನ ಕುದುರೆಯ ಕತ್ತಿನ ಕೂದಲು ಎಣಿಸಬಹುದಿತ್ತು. ಅಣ್ಣನಿಗೆ ಖುಷಿಯಾಗಲೆಂದು ನಿಂಬೆರಸ, ಸೋಡಾ ಹಾಕಿ ಬ್ರಷ್ಷಿನಿಂದ ಉಜ್ಜಿದೆ. ಕೂದಲೆಲ್ಲ ಸವೆದುಹೋಯಿತು. ಹಾಳು ಮಾಡಿದ್ದು ನಾನೇ. ಅಣ್ಣನಿಗೆ ಹೇಳುವ ಧೈರ್ಯವಿಲ್ಲ. ಇನ್ನು ಯಾವ ನಾಣ್ಯವನ್ನೂ ಉಜ್ಜುವುದಿಲ್ಲ."

ಅಣ್ಣ ಚೀಟಿ ಕಿತ್ತುಕೊಂಡು ತಾನೇ ಮತ್ತೊಮ್ಮೆ ಓದಿದ. ವ್ಯಾಪಾರಿ ಕೈಚಳಕದಿಂದ ಸವಕಲು ನಾಣ್ಯ ದಾಟಿಸಿದನೆಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬಂದವನು ಅವನು.

"ಅಯ್ಯಯ್ಯೋ! ಆ ಗಡ್ಡದವನಿಗೆ ಇಷ್ಟು ವರ್ಷ ಶಾಪ ಹಾಕಿದ್ನಲ್ಲೇ!"

"ಗೊತ್ತು ಅಣ್ಣಾ. ಪ್ರತಿ ಸಲಾನೂ ಅದು ನಂಗೇ ತಗಲ್ತಿತ್ತು."

ಪರೀಕ್ಷಕಿ ನಕ್ಕುಬಿಟ್ಟಳು. "ಬೆಲೆ ಏರ್ಸೋಕೆ ಬರೆಯೋರು ಯಾರೂ 'ಹಾಳು ಮಾಡಿದ್ದು ನಾನೇ' ಅಂತ ಬರೆಯಲ್ಲ ಅಕ್ಕಾ. ಎಲ್ಲಾ ತಗೋತೀನಿ, ಚೀಟಿ ಸಮೇತ. ಹರಾಜಿನ ಪಟ್ಟೀಲಿ ಸಂಗ್ರಹ ಯಾರದು ಅಂತ ಅಚ್ಚು ಹಾಕಿಸಲಿ?"

ಅಂಗಡಿಯ ಬೋರ್ಡಿನ ಮೇಲಿದ್ದುದು ಅಣ್ಣನ ಹೆಸರು. ಅವನು ಗಂಟಲು ಸರಿಮಾಡಿಕೊಂಡ.

"ನನ್ನ ತಂಗೀದು. ನಾನು ಮಾರಿದೋನು ಅಷ್ಟೇ, ಕಾಪಾಡಿದೋಳು ಅವಳು."

ಚೀಟಿ ಅಕ್ಕನ ಕಣ್ಣು ತುಂಬಿತು. ಜಗತ್ತೇ ಕೇಳಲಿ ಎನ್ನುವಷ್ಟು ಹೆಮ್ಮೆಯಾಯಿತು ಅವಳಿಗೆ. ಕುದುರೆ ನಾಣ್ಯವನ್ನು ಮಾತ್ರ ಅವಳು ಮಾರಲಿಲ್ಲ. ಏಳನೇ ಚೀಟಿ ಎಳೆದುಕೊಂಡು ಕೆಳಗೆ ತಾರೀಖು ಹಾಕಿ ಬರೆದಳು: "ಇಂದು ಅಣ್ಣನಿಗೆ ಹೇಳಿದೆ."

ಅಣ್ಣ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಜೀವಮಾನದಲ್ಲಿ ಮೊದಲ ಸಲ ಒಂದು ಚೀಟಿಗೆ ಸಹಿ ಹಾಕಿದ.