ಅಪ್ಪನ ಗಾರ್ಡ್ ಡಬ್ಬಿ

ಬಿಸಿಲಿಗೆ ಕಾದ ಕಬ್ಬಿಣ, ಹಳೆಯ ಗ್ರೀಸು, ಅದರ ಮೇಲೆ ಬಳಿದ ಹೊಸ ಬಣ್ಣ. ಬೆಂಗೇರಿಯಾಚೆ ಹೊಸದಾಗಿ ಶುರುವಾಗಿದ್ದ ಖಾನಾವಳಿಯ ಅಂಗಳದಲ್ಲಿ ಈ ವಾಸನೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಹುಬ್ಬಳ್ಳಿಯ ನಮ್ಮ ರೈಲ್ವೆ ಕ್ವಾರ್ಟರ್ಸು. ಅಪ್ಪ ಗೂಡ್ಸ್ ಗಾಡಿಯ ಗಾರ್ಡ್. ಡ್ಯೂಟಿ ಮುಗಿಸಿ ಬಂದು ಬಿಳಿ ಕೋಟನ್ನು ಗೂಟಕ್ಕೆ ತಗುಲಿಹಾಕಿದರೆ ಎರಡೇ ಕೋಣೆಯ ಮನೆ ತುಂಬ ಇದೇ ವಾಸನೆ ಹರಡುತ್ತಿತ್ತು. ಆ ಕ್ವಾರ್ಟರ್ಸು ಕೆಡವಿ ಎಷ್ಟೋ ಕಾಲವಾಯಿತು. ಅಪ್ಪ ಅದಕ್ಕೂ ಮೊದಲೇ ಹೋದರು.

ಅಂಗಳದ ನಡುವೆ ತುಂಡು ಹಳಿಯ ಮೇಲೆ ಒಂದು ರೈಲ್ವೆ ಡಬ್ಬಿ ನಿಲ್ಲಿಸಿದ್ದರು. ಕಡುಗೆಂಪು ಬಣ್ಣ, ಬಂಗಾರದ ಅಂಚು, ‘ಬ್ರಿಟಿಷ್ ಸಾಹೇಬರ ಬೇಟೆ ಡಬ್ಬಿ’ ಎಂಬ ಫಲಕ. ನನ್ನ ತೋಳು ಹಿಡಿದು ನಿಂತಿದ್ದ ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. “ಯಾವ ಸಾಹೇಬಂದು? ಗೂಡ್ಸ್ ಗಾಡಿ ಹಿಂದ ಹಚ್ಚೋ ಗಾರ್ಡ್ ಡಬ್ಬಿ ಐತಿ ಇದು,” ಎಂದಳು. ಖರೇನೇ. ಅಪ್ಪ ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದಂಥದೇ ಪುಟ್ಟ ಕಟ್ಟೆ ಒಂದು ತುದಿಗಿತ್ತು.

ಮಾಲೀಕರು ಕೇಳಿಸಿಕೊಂಡು ನಗುತ್ತಾ ಬಂದರು. “ಒಳಗ ಬರ್ರಿ ಅಮ್ಮಾರ, ಸಾಹೇಬ್ರು ಬಂದೂಕು ಇಡ್ತಿದ್ದ ಪೆಟ್ಟಿಗಿ ತೋರಸ್ತೀನಿ.” ಕಿಟಕಿಯ ಕೆಳಗೆ ಪೆಟ್ಟಿಗೆಯಂಥ ಆಸನವಿತ್ತು. ಅವರು ಅದರ ಮುಚ್ಚಳ ಎತ್ತಿದರು. ಹೊಸ ಬಣ್ಣ ಒಳಮೈಗೆ ತಲುಪಿರಲಿಲ್ಲ. ಅಲ್ಲಿ ಎದುರುಬದುರಾಗಿ ಕೆತ್ತಿದ ಎರಡು ಗಿಳಿಗಳು. ಒಂದರ ಕೊಕ್ಕು ಪೂರಾ ಸವೆದಿತ್ತು.

ಆ ಕೊಕ್ಕು ಸವೆಸಿದವಳು ನಾನು. ಹಲ್ಲು ಬರುವಾಗ ಕಚ್ಚಿ ಕಚ್ಚಿ ಸವೆಸಿದ್ದೆನೆಂದು ಅವ್ವ ಎಷ್ಟು ಸಲ ಹೇಳಿದ್ದಳೋ. ಅವ್ವ ಬಗ್ಗಿ ಗಿಳಿಗಳ ಮೇಲೆ ಬೆರಳಾಡಿಸಿದಳು. “ಇದು ನಮ್ಮ ತೊಟ್ಟಲಾ,” ಎಂದಳು.

ಅದು ಗರಗದಿಂದ, ಅವ್ವನ ತವರಿನಿಂದ ಬಂದ ತೊಟ್ಟಿಲು. ನಾನು ಮಲಗಿ ಬೆಳೆದ ಮೇಲೆ ಅದರಲ್ಲಿ ತಮ್ಮ ಬಸು ಮಲಗಿದ. ಇನ್ನೂ ಹೆಜ್ಜೆ ಇಡಲು ಕಲಿಯುವ ಮೊದಲೇ ಜ್ವರ ಅವನನ್ನು ಒಯ್ದಿತು. ಅಪ್ಪ ಆಗ ಗಾಡಿಯ ಮೇಲಿದ್ದರು. ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಕೆಲವು ದಿನಗಳ ಮೇಲೆ ಅವ್ವ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ತೊಟ್ಟಿಲು ಇರಲಿಲ್ಲ. “ಬಡಿಗ್ಯಾನ ಕೈಯಾಗ ಕೊಟ್ಟೆ,” ಎಂದರು ಅಪ್ಪ, ಅಷ್ಟೇ. “ಕೂಸಿನ ನೆನಪೂ ಹೊರಗ ಹಾಕಿದ್ರಿ,” ಎಂದಳು ಅವ್ವ. ಅಂದಿನಿಂದ ಅವರಿಬ್ಬರ ನಡುವೆ ಉಪ್ಪು, ಎಣ್ಣೆ, ನನ್ನ ಶಾಲೆಯ ಮಾತು ಬಿಟ್ಟು ಬೇರೆ ಮಾತು ಉಳಿಯಲಿಲ್ಲ. ಅಪ್ಪ ಬಸುವಿನ ಹೆಸರೆತ್ತಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಅವರ ಎದೆಯೂ ಗಾಡಿಯ ಹಾಗೆ ಕಬ್ಬಿಣದ್ದೆಂದೇ ತಿಳಿದು ಬೆಳೆದೆ.

ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲವೆಂದು ಈಗ ತಿಳಿಯಿತು. ಬಡಿಗನ ಕೈಯಲ್ಲಿ ಕೊಟ್ಟು, ತೊಟ್ಟಿಲ ಹಲಗೆಯನ್ನು ತಮ್ಮ ಆಸನಕ್ಕೇ ಕೂಡಿಸಿಕೊಂಡಿದ್ದರು, ಗಿಳಿಗಳು ಯಾರಿಗೂ ಕಾಣದಂತೆ ಒಳಮುಖ ಮಾಡಿ. ಆ ದಿನಗಳಲ್ಲಿ ಅವರ ಗಾಡಿಗೆ ಹೆಚ್ಚಾಗಿ ಒಂದೇ ಡಬ್ಬಿ ಹಚ್ಚುತ್ತಿದ್ದರು, ಅದನ್ನು ಅವರು ‘ನಮ್ಮ ಡಬ್ಬಿ’ ಎನ್ನುತ್ತಿದ್ದರು. ಅದಕ್ಕೆ ನಾನು ನಗುತ್ತಿದ್ದೆ.

ಮಾಲೀಕರ ಮುಖ ಸಪ್ಪಗಾಗಿತ್ತು. “ಗುಜರಿಯವ್ರು ಹಂಗ ಹೇಳಿದ್ರು ಅಕ್ಕಾರ, ನಾ ಬೋರ್ಡ್ ಬರಸಿದೆ. ಈಗಿಂದೀಗ ಬಿಚ್ಚಿಸಿ ಕೊಡ್ತೀನಿ, ಮನಿಗೆ ಒಯ್ರಿ.”

ಅವ್ವ ತಲೆಯಾಡಿಸಿದಳು. “ಬ್ಯಾಡ ತಮ್ಮಾ. ಅವರು ಇಟ್ಟ ಜಾಗಾದಾಗ ಇರ್ಲಿ.”

ಮುಚ್ಚಳವನ್ನು ತಾನೇ ಮುಚ್ಚಿ, ಸೆರಗಿನಿಂದ ಒರೆಸಿ, ಮೆಲ್ಲಗೆ ಅದರ ಮೇಲೆ ಕುಳಿತಳು. ನಾನು ಎದುರು ನಿಂತು ಊಹಿಸಿಕೊಂಡೆ: ಉದ್ದನೆಯ ಗಾಡಿ, ಅದರ ಕಟ್ಟಕಡೆಗೆ ಒಬ್ಬರೇ ಅಪ್ಪ, ಎದುರು ಕೂರಲು ಯಾರೂ ಇಲ್ಲ. ಅಷ್ಟು ವರ್ಷ ಹಾಗೆಯೇ ಹೋಗಿ ಬಂದಿದ್ದರು. ತರಿಸಿದ ಚಹಾ ಆರಿಹೋಯಿತು. ಅವ್ವ ಕಿಟಕಿಯಾಚೆ ನೋಡುತ್ತಿದ್ದಳು. ನನಗಲ್ಲ, ತನಗೇ ಎಂಬಂತೆ ಅಂದಳು:

“ದಿನಾ ರೊಟ್ಟಿ ಕಟ್ಟಿ ಕೊಡ್ತಿದ್ದೆ. ಇದರ ಮ್ಯಾಲ ಕುಂತು ತಿಂದ್ರ ಅದು ಗಂಟಲಾಗ ಹೆಂಗ ಇಳೀತಿತ್ತೋ ಅವರಿಗೆ.”