ಮೂರು ಸೈಟುಗಳಲ್ಲಿ ಒಂದೇ ಯಕ್ಷಗಾನ

ಮುಂಬಯಿ ಹತ್ತಿರದ ಡೊಂಬಿವಲಿಯ ಮೋಹನದಾಸರು ಮೂವತ್ತೊಂದು ವರ್ಷ ಅಂಬರನಾಥದ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ಗುಣಮಟ್ಟ ತಪಾಸಣೆ ಮಾಡಿದವರು. ನಿವೃತ್ತಿಯಾದ ಮೇಲೂ ತಪಾಸಣೆ ನಿಲ್ಲಲಿಲ್ಲ. ಹೆಂಡತಿ ಪುಷ್ಪಾವತಿ ಹೊಯ್ದ ದೋಸೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಲ್ಲಿನ ಕನ್ನಡ ಸಂಘದ ವಾರ್ಷಿಕೋತ್ಸವದ ವಿಡಿಯೊ ಇಂಟರ್ನೆಟ್ಟಿನ ಯಾವ ಸೈಟಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಪರೀಕ್ಷಿಸುವ ಕೆಲಸವನ್ನು ಅಧ್ಯಕ್ಷ ಭುಜಂಗ ಶೆಟ್ಟರು ಅವರಿಗೆ ವಹಿಸಿದಾಗ ಪುಷ್ಪಾವತಿಯೇ ಹೆಚ್ಚು ಸಂತೋಷಪಟ್ಟರು.

ಮೋಹನದಾಸರು ಒಂದೇ ವಿಡಿಯೊವನ್ನು ಮೂರು ಸೈಟುಗಳಿಗೆ ಹಾಕಿ, ಟೀವಿಯ ಮುಂದೆ ಸ್ಟೂಲು ಎಳೆದು, ಭೂತಕನ್ನಡಿ ಹಿಡಿದು ಕುಳಿತರು. ಮೊದಲನೆಯದರಲ್ಲಿ ಯಕ್ಷಗಾನದ ವೇಷಧಾರಿ ಗಿರಕಿ ಹೊಡೆದ ಕೂಡಲೇ ಚೌಕಚೌಕವಾಗಿ ಒಡೆದುಹೋಗುತ್ತಿದ್ದ. ಎರಡನೆಯದರಲ್ಲಿ ಕೆಂಪೆಲ್ಲ ಕಂದು. ಮೂರನೆಯದರಲ್ಲಿ ಮಾತ್ರ ಕಿರೀಟದ ಮಣಿಗಳನ್ನು ಎಣಿಸಬಹುದಿತ್ತು.

"ಪಪ್ಪಾ, ಇತ್ನಾ ಕೌನ್ ದೇಖ್ತಾ ಹೈ?" ಎಂದಳು ಮಗಳು ನಿಶ್ಮಿತಾ.

"ಯಾರು ಇಷ್ಟು ನೋಡದಿದ್ರೂ ನಾನು ನೋಡ್ತೇನೆ," ಎಂದರು ಮೋಹನದಾಸರು.

ಒಂಬತ್ತು ಪುಟದ ವರದಿ ಹಿಡಿದು ಸಮಿತಿ ಸಭೆಗೆ ಹೋದರು. ದೊಡ್ಡ ಪರದೆಯ ಮೇಲೆ ಮೂರನೆಯ ಸೈಟಿನ ವಿಡಿಯೊ ಓಡಿತು. ಮಣಿಗಳನ್ನು ಕಂಡು ಎಲ್ಲರೂ ತಲೆದೂಗಿದರು. ಆಮೇಲೆ ಸನ್ಮಾನದ ದೃಶ್ಯ ಬಂತು. ಮುಖ್ಯ ಅತಿಥಿಗೆ ಶೆಟ್ಟರು ಕೊಡುತ್ತಿದ್ದ ಸ್ಮರಣಿಕೆಯ ಮೇಲೆ ಅಂಟಿಸಿದ್ದ ಚೀಟಿಯ ಮೂಲೆ ಎದ್ದಿತ್ತು. ಹೋದ ವರ್ಷ ಬಾರದೇ ಉಳಿದ ಅತಿಥಿಯ ಹೆಸರು ಅದರಡಿಯಲ್ಲಿ ಓದುವಷ್ಟು ಸ್ಪಷ್ಟವಾಗಿತ್ತು.

ಶೆಟ್ಟರು ಎದ್ದು ವಿಡಿಯೊ ನಿಲ್ಲಿಸಿದರು.

"ಇಷ್ಟು ಕ್ಲಿಯರ್ ಎಂತಕ್ಕೆ ಮಾರಾಯ್ರೆ?" ಎಂದರು ಶೆಟ್ಟರು. "ಮೊದಲನೇ ಸೈಟೇ ಸಾಕು. ಅದ್ರಲ್ಲಿ ಎಲ್ಲರೂ ಒಂದೇ ಹಾಗೆ ಕಾಣ್ತಾರೆ."

"ಅದು ರಿಜೆಕ್ಟ್ ಪೀಸು ಶೆಟ್ರೆ. ರಿಪೋರ್ಟಲ್ಲಿ ಬರ್ದಿದ್ದೇನೆ."

"ರಿಪೋರ್ಟು ಲಾಯ್ಕ ಉಂಟು. ಫೈಲಲ್ಲಿ ಇಡುವ."

ವಿಡಿಯೊ ಮೊದಲ ಸೈಟಿನಲ್ಲೇ ಬಂತು, 'ಅತ್ಯುತ್ತಮ ಗುಣಮಟ್ಟ' ಎಂಬ ತಲೆಬರಹದೊಂದಿಗೆ. ಮೋಹನದಾಸರು ಅದರ ಕೆಳಗೆ ಕಮೆಂಟಿನಲ್ಲಿ 'ಗುಣಮಟ್ಟ: ತಿರಸ್ಕೃತ' ಎಂದು ಬರೆದರು. ಹತ್ತು ನಿಮಿಷದಲ್ಲಿ ಅದು ಮಾಯವಾಯಿತು. ಮತ್ತೆ ಬರೆದರು, ಮತ್ತೆ ಹೋಯಿತು. ಮೂರು ದಿನ ಅವರಿಗೆ ಊಟ ಸೇರಲಿಲ್ಲ. ಬೋಲ್ಟಿನ ಕಾಲದಲ್ಲಿ ಅವರು ಬೇಡವೆಂದದ್ದನ್ನು ಮ್ಯಾನೇಜರನೂ ಗೇಟು ದಾಟಿಸಿರಲಿಲ್ಲ.

ನಾಲ್ಕನೆಯ ದಿನ ಶೆಟ್ಟರ ಫೋನು ಬಂತು. ಮುಂದಿನ ಆಮಂತ್ರಣ ಪತ್ರಿಕೆಯಲ್ಲಿ 'ತಾಂತ್ರಿಕ ಸಲಹೆಗಾರರು: ಶ್ರೀ ಮೋಹನದಾಸ' ಎಂದು ಅಚ್ಚಾಗುವುದಂತೆ, ಕೋಟು ಹಾಕಿದ ಫೋಟೊ ಬೇಕಂತೆ. ಮೋಹನದಾಸರು ಸಂಜೆಯೇ ಸ್ಟುಡಿಯೋಗೆ ಹೊರಟರು.

"ಆ ವಿಡಿಯೊ ಈಗ ಹೇಗುಂಟು?" ಎಂದು ಪುಷ್ಪಾವತಿ ಬಾಗಿಲಲ್ಲಿ ಕೇಳಿದರು.

"ಫೋನಲ್ಲಿ ನೋಡಿದ್ರೆ ಅಷ್ಟೇನೂ ಹಾಳಾಗಿಲ್ಲ," ಎಂದು ಅವರು ಕೋಟಿನ ಗುಂಡಿ ಹಾಕಿಕೊಂಡರು.